ರೀಸೆಸ್ ಹೊತ್ತಿನ ಕೆರೆ-ದಡ

ನನ್ನ ಮಗಳು ಬೇಲಿ ಸವರಿಕೊಂಡು ನಡೆಯುತ್ತಿದ್ದಳು. ಶಾಲೆಯ ಅಂಗಳದ ಕೊನೆಗೆ ತಂತಿ ಜಾಲರಿಯ ಬೇಲಿ, ಅದರಾಚೆ ಒಂದು ಆಫೀಸ್ ಪಾರ್ಕಿನ ಪಾರ್ಕಿಂಗ್ ಲಾಟ್. ಮಧ್ಯಾಹ್ನ ಊಟ ಮುಗಿಸಿ ಮಕ್ಕಳೆಲ್ಲ ರೀಸೆಸ್ ಅನ್ನುವ ಆಟದ ಬಿಡುವಿಗೆ ಹೊರಗೆ ಓಡಿದ ಕೂಡಲೇ ಇವಳು ನೆಟ್ಟಗೆ ಆ ಬೇಲಿಯ ಹತ್ತಿರ ಹೋಗುವಳು. ಒಂದು ಬೆರಳನ್ನು ಜಾಲರಿಗೆ ತಾಗಿಸಿಕೊಂಡು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಬೆಲ್ ಹೊಡೆಯುವ ತನಕ ಅದೇ. ಇದನ್ನು ನಾನು ಇನ್ನೊಬ್ಬರ ಬಾಯಿಂದ ಕೇಳಿದ್ದಲ್ಲ. ಕಿತ್ತಳೆ ಬಣ್ಣದ ವೆಸ್ಟ್ ಹಾಕಿಕೊಂಡು, ಕೊರಳಿಗೆ ಸೀಟಿ ನೇತುಹಾಕಿಕೊಂಡು, ಅದೇ ಅಂಗಳದ ನಡುಮಧ್ಯೆ ನಿಂತು ದಿನಾ ನೋಡಿದ್ದು. ನಾನು ಆ ಶಾಲೆಯ ಲಂಚ್ ಏಡ್. ಊಟದ ಹೊತ್ತಿನಲ್ಲಿ ಮಕ್ಕಳ ಹಾಲಿನ ಡಬ್ಬಿ ಬಿಡಿಸಿಕೊಡುವುದು, ಆಮೇಲೆ ರೀಸೆಸ್‌ನಲ್ಲಿ ಯಾರೂ ಬಿದ್ದು ಹಲ್ಲು ಮುರಿದುಕೊಳ್ಳದ ಹಾಗೆ ಕಾಯುವುದು, ಇಷ್ಟೇ ನನ್ನ ಕೆಲಸ.

ಕೆಲಸಕ್ಕೆ ಸೇರಿದ ದಿನವೇ ಪ್ರಿನ್ಸಿಪಾಲರು ನಗುನಗುತ್ತ ಒಂದು ಮಾತು ಹೇಳಿದ್ದರು. ಡ್ಯೂಟಿಯಲ್ಲಿದ್ದಾಗ ನಿಮ್ಮ ಮಗಳೂ ಎಲ್ಲ ಮಕ್ಕಳಂತೆ ಒಂದು ಮಗು, ಅವಳ ಹಿಂದೆ ಹಿಂದೆ ಹೋಗಬೇಡಿ, ಅವಳಿಗೂ ತನ್ನ ಜಾಗ ಬೇಕಲ್ಲವೇ ಅಂತ. ನಾನೂ ನಗುನಗುತ್ತ ತಲೆಯಾಡಿಸಿದ್ದೆ. ಮಗಳು ಒಂಟಿಯಾಗಿ ಬೇಲಿ ಸವರುವುದನ್ನು ದಿನಾ ನೋಡುತ್ತ, ಹತ್ತಿರ ಹೋಗದೆ, ಬೇರೆಯವರ ಮಕ್ಕಳ ಶೂ ಲೇಸ್ ಕಟ್ಟುವ ಕೆಲಸಕ್ಕೆ ಸಂಬಳ ತೆಗೆದುಕೊಳ್ಳಬೇಕಾಗುತ್ತದೆ ಅಂತ ಆಗ ಹೊಳೆದಿರಲಿಲ್ಲ.

ನಾವು ಮೈಸೂರಿನಿಂದ ಅಮೆರಿಕದ ಪಾರ್ಸಿಪನಿಗೆ ಬಂದಾಗ ಅವಳಿಗೆ ಆರು ವರ್ಷ. ಮೈಸೂರಿನ ನಮ್ಮ ಬೀದಿಯಲ್ಲಿ ಅವಳದೇ ರಾಜ್ಯ. ಯಾರು ಯಾವ ಪಾರ್ಟಿ, ಯಾರು ಮೊದಲು ಕಣ್ಣು ಮುಚ್ಚಬೇಕು ಎಲ್ಲ ಅವಳೇ ತೀರ್ಮಾನ ಮಾಡುವವಳು. ಇಲ್ಲಿ ಅಂಥ ಹುಡುಗಿಯ ಬಾಯಿ ಯಾರು ಹೊಲಿದರೋ ಗೊತ್ತಿಲ್ಲ. ಇಂಗ್ಲಿಷ್ ಬರದೆ ಇದ್ದದ್ದಲ್ಲ. ಅದನ್ನು ಆರೇ ತಿಂಗಳಲ್ಲಿ ನನಗಿಂತ ಚೆನ್ನಾಗಿ ಕಲಿತಳು. ಆದರೆ ತರಗತಿಯ ಮಕ್ಕಳು ಕಿಂಡರ್‌ಗಾರ್ಟನ್‌ನಿಂದಲೇ ಗುಂಪು ಕಟ್ಟಿಕೊಂಡು ಬಂದವರು. ಸೀಟೆಲ್ಲ ಭರ್ತಿಯಾದ ಬಸ್ಸಿಗೆ ನಡುದಾರಿಯಲ್ಲಿ ಹತ್ತಿದವಳು ಇವಳು. ಆ ಗುಂಪುಗಳಲ್ಲಿ ಅರ್ಧಕ್ಕರ್ಧ ನಮ್ಮ ಇಂಡಿಯನ್ ಮಕ್ಕಳೇ ಇದ್ದರು. ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಗಂಡನಿಗೆ ಹೇಳಿದರೆ, "ಕಿಡ್ಸ್ ಅಡ್ಜಸ್ಟ್ ಆಗ್ತಾರೆ ಕಣೇ, ಟೈಮ್ ಕೊಡು" ಅನ್ನುವರು. ಅವರಿಗೆ ಹೈವೇ ಎಂಬತ್ತರ ಟ್ರಾಫಿಕ್ಕೇ ದೊಡ್ಡ ಕಷ್ಟ. ಬೇಲಿಯನ್ನು ಅವರು ಕಂಡವರಲ್ಲ.

ಈ ಕೆಲಸ ಕೊಡಿಸಿದ್ದು ಆಂಟಿ. ನನ್ನ ಸ್ವಂತ ಬಳಗವಲ್ಲ, ನಮ್ಮ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನವರೂ ಅಲ್ಲ. ಇಂಡಿಯನ್ ಸ್ಟೋರಿನಲ್ಲಿ ನಾನು ನುಗ್ಗೇಕಾಯಿ ಆರಿಸುತ್ತಿದ್ದಾಗ, "ಅದು ಬಲಿತೋಗಿದೆ ತಾಯಿ, ಬಿಡು" ಅಂತ ಕನ್ನಡದಲ್ಲಿ ಅಂದವರು. ಮೈಸೂರಿನವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿದೆ. ಇದೇ ಶಾಲೆಯಲ್ಲಿ ಎಷ್ಟೋ ವರ್ಷಗಳಿಂದ ಲಂಚ್ ಏಡ್. ಕೆಲಸ ಮಾಡುವಂತಿಲ್ಲದ ಡಿಪೆಂಡೆಂಟ್ ವೀಸಾದಲ್ಲಿ ಮನೆಯಲ್ಲಿ ಕೂತು ಕೂತು ಗೋಡೆಯ ಜೊತೆ ಮಾತಾಡುವ ಸ್ಥಿತಿಗೆ ಬಂದಿದ್ದೆ. ವರ್ಕ್ ಪರ್ಮಿಟ್ ಬಂದ ಮೇಲೆ ಕೈಹಿಡಿದು ಕರೆದುಕೊಂಡು ಹೋಗಿ ಪ್ರಿನ್ಸಿಪಾಲರ ಮುಂದೆ ನಿಲ್ಲಿಸಿದವರು ಅವರೇ. ಊರಿನಲ್ಲಿ ಕಾಲೇಜಿನ ಮಕ್ಕಳಿಗೆ ಕೆಮಿಸ್ಟ್ರಿ ಹೇಳುತ್ತಿದ್ದವಳು ನಾನು. ಆದರೂ ಆ ದಿನ ಆಂಟಿಯ ಕಾಲಿಗೆ ಬೀಳುವಷ್ಟು ಸಂತೋಷವಾಗಿತ್ತು. ಆ ಉಪಕಾರವೇ ಮುಂದೆ ನನ್ನ ಬಾಯಿಗೆ ಬೀಗವಾಯಿತು.

ಅವಳು ಮೂರನೇ ಗ್ರೇಡಿಗೆ ಬಂದ ವರ್ಷ ಶಾಲೆಯವರಿಗೆ ರೀಸೆಸ್ ಸುಧಾರಿಸುವ ಹುಕಿ ಬಂತು. ಜಗಳ ಜಾಸ್ತಿಯಾಗಿದೆ, ಮಕ್ಕಳು ಓಡುವುದೇ ಇಲ್ಲ, ಕೆಲವರು ಒಂಟಿಯಾಗಿ ಉಳಿಯುತ್ತಾರೆ ಅಂತ. ಒಂಟಿಯಾಗಿ ಅನ್ನುವ ಮಾತು ಕೇಳಿ ನನ್ನ ಎದೆ ಹಗುರವಾಯಿತು. ಯಾರೋ ಕಂಡರಲ್ಲ ಸದ್ಯ ಅಂದುಕೊಂಡೆ. ಹೊರಗಿನಿಂದ ಒಬ್ಬ ಕೋಚನ್ನು ಕರೆಸಿದರು. ಚಳಿಯಲ್ಲೂ ಚಡ್ಡಿ ಹಾಕುವ ಹುಡುಗ, ಸದಾ ಹಸನ್ಮುಖಿ. ಲೈಬ್ರರಿಯಲ್ಲಿ ಪುಟಾಣಿ ಮಕ್ಕಳ ಕುರ್ಚಿಗಳ ಮೇಲೆ ನಮ್ಮನ್ನೆಲ್ಲ ಕೂರಿಸಿ ಟ್ರೇನಿಂಗ್ ಕೊಟ್ಟ. ಜಗಳ ಬಂದರೆ ಮಕ್ಕಳು ರಾಕ್-ಪೇಪರ್-ಸಿಸರ್ಸ್ ಆಡಿ ಬಗೆಹರಿಸಿಕೊಳ್ಳಬೇಕು. ಯಾರಾದರೂ ಔಟಾದರೆ ಉಳಿದವರು 'ನೈಸ್ ಟ್ರೈ' ಅಂತ ಚಪ್ಪಾಳೆ ತಟ್ಟಬೇಕು. ಹೊಸ ಮಗುವನ್ನು ಆಟಕ್ಕೆ ಕರೆಯುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ನಕ್ಕು, ಮೊದಲು ತನ್ನ ಹೆಸರು ಹೇಳಿ, ಆಮೇಲೆ ಕರೆಯಬೇಕು, ಇದಕ್ಕೆ ಸ್ಟೆಪ್ಸ್ ಅಂತ ಹೆಸರು. ಐದನೇ ಗ್ರೇಡಿನ ಮಕ್ಕಳಲ್ಲಿ ಕೆಲವರನ್ನು ಜೂನಿಯರ್ ಕೋಚ್ ಮಾಡಿ ಬ್ಯಾಡ್ಜ್ ಕೊಟ್ಟರು. ಕಪ್ಪು ಟಾರಿನ ಮೇಲೆ ಬಣ್ಣಬಣ್ಣದ ಗೆರೆ ಬಂತು, ಕೋನ್ ಬಂತು, ಗೋಡೆಗೆ ಪೋಸ್ಟರ್ ಬಂತು. ಊಟ ತಿಂದು ಓಡಾಡಿಕೊಂಡು ಬರುವ ಅಷ್ಟು ಹೊತ್ತಿನ ಆಟಕ್ಕೆ ಇಷ್ಟೆಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ ಅಂದುಕೊಂಡೆ, ಆದರೂ ಸುಮ್ಮನೆ ಎಲ್ಲ ಕಲಿತೆ.

ಕೊನೆಗೆ ಕೋಚ್ ಕೇಳಿದ, ನಿಮ್ಮ ನಿಮ್ಮ ದೇಶದಲ್ಲಿ ಆಡುತ್ತಿದ್ದ ಆಟ ಯಾವುದಾದರೂ ಇದೆಯೇ, ಸಾಮಾನು ಬೇಡದ್ದು, ಎಲ್ಲರೂ ಓಡುವಂಥದ್ದು. ನಾನು ಕೈಯೆತ್ತಿದೆ. ಕೆರೆ-ದಡ. ನೆಲದ ಮೇಲೆ ಒಂದು ಗೆರೆ. ಈಚೆ ಕಡೆ ದಡ, ಆಚೆ ಕಡೆ ಕೆರೆ. ಎಲ್ಲರೂ ಗೆರೆಯ ಪಕ್ಕ ಸಾಲಾಗಿ ನಿಲ್ಲಬೇಕು. ಒಬ್ಬರು ಕೆರೆ ಅಂದರೆ ಆಚೆ ನೆಗೆಯಬೇಕು, ದಡ ಅಂದರೆ ಈಚೆ. ಕೂಗುವವರು ಬೇಕಂತಲೇ ಮೋಸ ಮಾಡುತ್ತಾರೆ, ದಡದಲ್ಲಿದ್ದಾಗಲೇ ದಡ ಅನ್ನುತ್ತಾರೆ. ತಪ್ಪಿ ನೆಗೆದವರು ಔಟ್. ಕೊನೆಗೆ ಉಳಿದವರು ಗೆದ್ದ ಹಾಗೆ. ಕೋಚ್‌ಗೆ ಬಹಳ ಹಿಡಿಸಿತು. ಕೆರೆ, ದಡ ಅನ್ನುವ ಮಾತುಗಳನ್ನು ಹಾಗೇ ಇಟ್ಟುಕೊಳ್ಳೋಣ ಅಂದ, ಬೇರೆ ಸಂಸ್ಕೃತಿಯ ಪರಿಚಯವಾಗುತ್ತದಂತೆ. ಪೋಸ್ಟರ್ ಮೇಲೆ ಕೆರೆಯ ಚಿತ್ರವನ್ನೂ ಬರೆಸಿದ.

ಮೊದಲ ದಿನ ನಾನೇ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮಕ್ಕಳು ಬಂದು ನಿಂತರು. ನಾನು ಕೆರೆ ಅಂತ ಕೂಗಿದೆ, ಅರ್ಧ ಜನ ಅಲ್ಲೇ ನಿಂತು ಪಿಳಿಪಿಳಿ ನೋಡಿದರು. ಗಲಾಟೆಯೋ ಗಲಾಟೆ, ನಗುವೋ ನಗು. ಎರಡು ಸುತ್ತು ಆಗುವಷ್ಟರಲ್ಲಿ ಬೇಲಿಯ ಹತ್ತಿರದ ನಡಿಗೆ ನಿಂತದ್ದು ನನ್ನ ಕಣ್ಣಿಗೆ ಬಿತ್ತು. ಮಗಳು ಈ ಕಡೆ ತಿರುಗಿ ನೋಡುತ್ತಿದ್ದಳು. ಆಮೇಲೆ, ಟಾರಿನ ಮೇಲಿನ ಬಾತುಗಳ ಹಿಕ್ಕೆ ದಾಟಿಕೊಂಡು, ಮೆಲ್ಲಗೆ ಬಂದು ಸಾಲಿನ ಕೊನೆಗೆ ನಿಂತಳು. ನಾನು ಅವಳ ಕಡೆ ನೋಡಲಿಲ್ಲ. ನೋಡಿದರೆ ಎಲ್ಲಿ ಹೊರಟುಬಿಡುವಳೋ ಅಂತ ಭಯ.

ಅವಳು ಗೆದ್ದಳು. ಗೆಲ್ಲದೆ ಏನು? ಉಳಿದವರು ಕೆರೆ ಅಂದರೆ ಯಾವ ಕಡೆ ಅಂತ ಯೋಚಿಸುವಷ್ಟರಲ್ಲಿ ಇವಳ ಕಾಲು ನೆಗೆದಿರುತ್ತಿತ್ತು. ಮಾರನೆಯ ದಿನವೂ ಗೆದ್ದಳು. ಒಬ್ಬಳು ಹುಡುಗಿ ಬಂದು, ನಿನಗೆ ಹೇಗೆ ಅಷ್ಟು ಬೇಗ ಗೊತ್ತಾಗುತ್ತೆ ಅಂತ ಕೇಳಿದಳು. ಇನ್ನೊಬ್ಬಳು ಪಕ್ಕದಲ್ಲೇ ನಿಲ್ಲಲು ಶುರು ಮಾಡಿದಳು. ಆ ವಾರ ಮನೆಗೆ ಬಂದವಳು ಬ್ಯಾಗು ಬಿಸಾಕಿ ಅಡುಗೆಮನೆಯ ನೆಲದ ಟೈಲ್ಸ್ ಮೇಲೆಯೇ ನೆಗೆದು ತೋರಿಸುವಳು, ಹಸಿವು ಹಸಿವು ಅಂತ ದೋಸೆ ಮೇಲೆ ದೋಸೆ ಹಾಕಿಸಿಕೊಳ್ಳುವಳು. ಕೆಳಗಿನ ಅಪಾರ್ಟ್‌ಮೆಂಟಿನವರು ಕೋಲಿನಿಂದ ಸೀಲಿಂಗ್ ಕುಟ್ಟಿದರು. ಕುಟ್ಟಿಕೊಳ್ಳಲಿ ಅಂತ ಬಿಟ್ಟೆ.

ಅದಾದ ಮೇಲೆ ಒಬ್ಬ ತಾಯಿಯ ದೂರು ಬಂತು. ಯಾರು ಅಂತ ನನಗೆ ಕೊನೆಗೂ ಹೇಳಲಿಲ್ಲ. ಲಂಚ್ ಏಡ್ ತನ್ನ ಭಾಷೆಯ ಆಟ ತಂದು ತನ್ನ ಮಗಳನ್ನೇ ಗೆಲ್ಲಿಸುತ್ತಿದ್ದಾಳೆ, ಇದು ಉಳಿದ ಮಕ್ಕಳಿಗೆ ಅನ್ಯಾಯ ಅಂತ. ಪ್ರಿನ್ಸಿಪಾಲರು ಕರೆದರು. ಕೋಣೆಯಲ್ಲಿ ಅವರು, ಕೋಚ್, ನಾನು, ಮತ್ತು ಹಿರಿಯ ಏಡ್ ಅಂತ ಆಂಟಿ. ಇಲ್ಲಿನವರು ಬೈಯುವಾಗಲೂ ಎಷ್ಟು ಮೆತ್ತಗೆ ಬೈಯುತ್ತಾರೆ ಅಂದರೆ, ಬೈಸಿಕೊಂಡದ್ದು ಪಾರ್ಕಿಂಗ್ ಲಾಟಿಗೆ ಬಂದ ಮೇಲೆ ಗೊತ್ತಾಗಬೇಕು. ಯಾರ ತಪ್ಪೂ ಅಲ್ಲ, ಆದರೆ ಎಲ್ಲರಿಗೂ ಸಮ ಅನ್ನಿಸಬೇಕಲ್ಲ ಅಂದರು. ಹಾಗಾದರೆ ಅವಳೇ ಕೂಗುವವಳಾಗಲಿ ಅಂದೆ. ಕೂಗುವುದು ಜೂನಿಯರ್ ಕೋಚ್‌ಗಳ ಕೆಲಸ, ಅವರಿಗೆ ಅದರ ಟ್ರೇನಿಂಗ್ ಆಗಿದೆ ಅಂದರು. ದಾರಿ ಸಿಗದಿದ್ದರೆ ಈ ಆಟವನ್ನೇ ಕೈಬಿಡೋಣ ಅಂದರು. ನನ್ನ ಕಣ್ಣ ಮುಂದೆ ಬೇಲಿ ಬಂತು.

ಕೋಚ್ ನಮ್ಮಿಬ್ಬರನ್ನೂ ನೋಡಿ ಕೇಳಿದ, ನಿಮ್ಮ ಊರಿನಲ್ಲಿ ಒಂದು ಮಗು ಉಳಿದವರಿಗೆ ಸರಿಜೋಡಿಯಲ್ಲದಿದ್ದರೆ ಏನು ಮಾಡುತ್ತಿದ್ದಿರಿ?

ಆಂಟಿಯ ಮುಖ ಅರಳಿತು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಮಾಡ್ತೀವಲ್ಲ ಅಂದರು, ಅಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಮಗು ಎಲ್ಲರ ಜೊತೆ ಆಡುತ್ತೆ, ಓಡುತ್ತೆ, ನೆಗೆಯುತ್ತೆ, ಆದರೆ ಸೋಲು ಗೆಲುವಿನಲ್ಲಿ ಅದನ್ನು ಸೇರಿಸುವುದಿಲ್ಲ, ಯಾರಿಗೂ ಬೇಜಾರಿಲ್ಲ. ಕೋಚ್ ಕುರ್ಚಿಯಿಂದ ಏಳುವುದೊಂದು ಬಾಕಿ. ಎಂಥ ಸುಂದರ ಪದ್ಧತಿ, ಸ್ಪರ್ಧೆಯ ಒತ್ತಡವೇ ಇಲ್ಲ, ಎಲ್ಲರೂ ಸೇರಿದ ಹಾಗೂ ಆಯಿತು ಅಂತ ಬರೆದುಕೊಂಡ.

ನಾನು ಹೇಳಿದೆ, ಅದು ಪುಟ್ಟ ಮಕ್ಕಳಿಗೆ ಮಾಡುವುದು ಅಂತ. ಅಕ್ಕನ ಲಂಗ ಹಿಡಿದುಕೊಂಡು ಬಂದ ಮೂರು ವರ್ಷದ ತಮ್ಮನಿಗೆ, ಅಳಬಾರದು ಅಂತ ಮಾಡುವುದು. ಅವನಿಗೆ ಹೇಳಿದರೂ ತಿಳಿಯುವುದಿಲ್ಲ, ತಾನೂ ಆಡುತ್ತಿದ್ದೇನೆ ಅಂತಲೇ ಓಡುತ್ತಿರುತ್ತಾನೆ. ನನ್ನ ಮಗಳಿಗೆ ಎಂಟು ವರ್ಷ, ಅವಳಿಗೆ ತಿಳಿಯುತ್ತದೆ. ಕೋಚ್ ನಗುತ್ತಲೇ, ನಾವು ಅದನ್ನು ಪಾಸಿಟಿವ್ ಆಗಿ ಹೇಳೋಣ ಅಂದ. ಆಂಟಿ ಮೇಜಿನ ಕೆಳಗೆ ನನ್ನ ಕೈ ಒತ್ತಿದರು. ಪ್ರಿನ್ಸಿಪಾಲರು ಗಡಿಯಾರ ನೋಡಿ, ಹಾಗಾದರೆ ಎಲ್ಲರಿಗೂ ಒಪ್ಪಿಗೆ ಅಂದರು.

ಹೊರಗೆ ಬಂದ ಮೇಲೆ ನಾನು ಆಂಟಿಯ ಮುಖವನ್ನೂ ನೋಡಲಿಲ್ಲ. ಅವರೇ ಹತ್ತಿರ ಬಂದರು. "ಕೋಪ ಮಾಡ್ಕೋಬೇಡ ಕಣಮ್ಮ. ನಮ್ಮ ಮಕ್ಕಳನ್ನ ನಾವೇ ಒಂದು ಹೆಜ್ಜೆ ಹಿಂದೆ ನಿಲ್ಲಿಸ್ಕೋಬೇಕು. ಆಗ ಜನ ಬಾಯಿ ಮುಚ್ಕೋತಾರೆ. ನಾನೂ ಇಬ್ಬರನ್ನ ಇಲ್ಲೇ ಬೆಳೆಸಿದೀನಿ, ನಂಗೊತ್ತಿಲ್ವಾ?"

ಅವರು ಕೆಟ್ಟವರಲ್ಲ. ಅದೇ ಕಷ್ಟ. ನಮ್ಮ ಬೀದಿಗಳಲ್ಲಿ ಮಕ್ಕಳು ಜಗಳವಾಡಿದರೆ ತಾಯಿ ಮೊದಲು ತನ್ನ ಮಗುವಿನ ಬೆನ್ನಿಗೊಂದು ಗುದ್ದಿಯೇ ವಿಚಾರಣೆ ಶುರು ಮಾಡುವುದು. ತಪ್ಪು ಯಾರದು ಅನ್ನುವುದು ಆಮೇಲೆ. ಪಕ್ಕದ ಮನೆಯವರು ಒಂದು ಮಾತು ಅನ್ನಬಾರದು, ಅಷ್ಟೇ. ಅಲ್ಲಿ ಗುದ್ದು ತಿಂದ ಮಗು ಸಂಜೆಗೆ ಮತ್ತೆ ಅದೇ ಬೀದಿಯಲ್ಲಿ ಆಡುತ್ತದೆ, ಬೀದಿ ಅದರದ್ದೇ. ಇಲ್ಲಿ ಯಾವ ಬೀದಿ ನಮ್ಮದು? ದೂರು ನನ್ನ ಮೇಲೆ, ಶಿಕ್ಷೆ ಮಗಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಷ್ಟನ್ನೂ ಆಂಟಿಗೆ ಹೇಳುವ ಬದಲು ಕಾರು ಹತ್ತಿ ಬಾಗಿಲು ಜೋರಾಗಿ ಹಾಕಿಕೊಂಡೆ.

ಮಾರನೆಯ ದಿನ ಮಕ್ಕಳು ಗೆರೆಯ ಪಕ್ಕ ನಿಂತರು. ಬ್ಯಾಡ್ಜ್ ಹಾಕಿಕೊಂಡ ಐದನೇ ಗ್ರೇಡಿನ ಹುಡುಗಿಯೊಬ್ಬಳು ಮುಂದೆ ಬಂದು, ನನ್ನ ಮಗಳ ಭುಜದ ಮೇಲೆ ಕೈಯಿಟ್ಟು, ರಾಗವಾಗಿ ಕೂಗಿದಳು: "ಎವ್ರಿಬಡಿ! ಶೀ ಈಸ್ ಪ್ಲೇಯಿಂಗ್, ಬಟ್ ಶೀ ಡಸಂಟ್ ಕೌಂಟ್!" ಆಮೇಲೆ ಟ್ರೇನಿಂಗ್‌ನಲ್ಲಿ ಕಲಿಸಿದ ಹಾಗೆ ಚಪ್ಪಾಳೆ ಶುರು ಮಾಡಿದಳು. ಸಾಲಿನಲ್ಲಿದ್ದ ಮಕ್ಕಳೆಲ್ಲ ನಗುನಗುತ್ತ ಚಪ್ಪಾಳೆ ತಟ್ಟಿದರು. ಕೋಚ್ ದೂರದಿಂದ ಹೆಬ್ಬೆರಳೆತ್ತಿ ತೋರಿಸಿದ. ನನ್ನ ಮಗಳು ಏನೆಂದು ತಿಳಿಯದೆ ತಾನೂ ಒಂದೆರಡು ಸಲ ತಟ್ಟಿದಳು. ಆಮೇಲೆ ಕೈ ನಿಂತಿತು.

ಆದರೂ ಆಡಿದಳು. ಆ ದಿನ ಅವಳ ಹಾಗೆ ಯಾರೂ ನೆಗೆಯಲಿಲ್ಲ. ಕೊನೆಗೆ ಇವಳು ಮತ್ತು ಒಬ್ಬ ಹುಡುಗ ಇಬ್ಬರೇ ಉಳಿದರು. ದಡ ಅಂದಾಗ ಹುಡುಗ ತಪ್ಪಿ ಆಚೆ ನೆಗೆದ. ನೆಗೆದವನು ತಾನು ಸೋತೆ ಅಂತ ಹೊರಗೆ ಹೊರಟಿದ್ದ, ಪಾಪ. ಬ್ಯಾಡ್ಜಿನ ಹುಡುಗಿ ಅವನನ್ನೇ ಹಿಡಿದು ಕೈ ಎತ್ತಿಸಿ, ನೀನೇ ಗೆದ್ದೆ ಅಂದಳು. ಎಲ್ಲರೂ ಅವನ ಕೈಗೆ ಕೈ ತಟ್ಟಿದರು. ಗೆರೆಯ ಈಚೆ, ದಡದ ಮೇಲೆ, ನನ್ನ ಮಗಳು ನಿಂತೇ ಇದ್ದಳು. ತಲೆಯೆತ್ತಿ ನನ್ನನ್ನು ಹುಡುಕಿದಳು. ಹೋಗಿ ಎತ್ತಿಕೊಂಡುಬಿಡಬೇಕು ಅನ್ನಿಸಿತು, ಆದರೆ ನಿಯಮ ನಿಯಮವೇ. ಬೆಲ್ ಹೊಡೆಯಿತು, ಸೀಟಿ ಊದಿ ಮಕ್ಕಳನ್ನು ಸಾಲು ಮಾಡಿಸಿದೆ.

ಸಂಜೆ ಮನೆಯಲ್ಲಿ ತಲೆ ಬಾಚುತ್ತ ಸಮಾಧಾನ ಹೇಳಲು ಹೋದೆ. ನಾನೂ ಚಿಕ್ಕವಳಿದ್ದಾಗ ಹಾಗೇ ಆಡಿದ್ದೆ, ದೊಡ್ಡ ಹುಡುಗಿಯರು ನನ್ನನ್ನು ಹಾಗೇ ಸೇರಿಸಿಕೊಳ್ಳುತ್ತಿದ್ದರು, ಅದರಲ್ಲಿ ಅವಮಾನವೇನಿಲ್ಲ ಪುಟ್ಟಿ ಅಂದೆ.

"ಆಗ ನಿಂಗೆ ಎಷ್ಟು ವರ್ಷ?" ಅಂದಳು.

"ನಾಲ್ಕೋ ಏನೋ."

"ಐ ಆಮ್ ಎಯ್ಟ್, ಅಮ್ಮ."

ಜಡೆ ಹೆಣೆದದ್ದು ಸಡಿಲವಾಗಿ, ಮತ್ತೆ ಬಿಚ್ಚಿ ಹೆಣೆದೆ.

ಆಶ್ಚರ್ಯವೆಂದರೆ ಅವಳು ಬೇಲಿಗೆ ವಾಪಸ್ಸು ಹೋಗಲಿಲ್ಲ. ಇಡೀ ಚಳಿಗಾಲ, ಹಿಮ ಬಿದ್ದು ಒಳಗೇ ಕೂರಿಸಿದ ದಿನಗಳನ್ನು ಬಿಟ್ಟರೆ, ಬಂದು ಸಾಲಿನ ಕೊನೆಗೆ ನಿಂತಳು. ತಪ್ಪಿದರೂ ಔಟಿಲ್ಲ, ಉಳಿದರೂ ಗೆಲುವಿಲ್ಲ. ಮೊದಮೊದಲು ಸರಿಯಾಗಿ ನೆಗೆಯುವಳು. ಆಮೇಲೆ ಕೆರೆ ಅಂದರೂ ದಡ ಅಂದರೂ ಮನಸ್ಸಿಗೆ ಬಂದ ಕಡೆ ಕಾಲು ಹಾಕುವಳು, ಯಾರೂ ಏನೂ ಅನ್ನುತ್ತಿರಲಿಲ್ಲ. ಔಟಾದವರಿಗೆ ನೈಸ್ ಟ್ರೈ ಅನ್ನುವುದರಲ್ಲಿ ಮಾತ್ರ ಅವಳೇ ಮೊದಲು. ಮನೆಯಲ್ಲಿ ಕನ್ನಡ ಕಡಿಮೆಯಾಯಿತು. ನಾನು ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಊರಿನ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ದೊಡ್ಡ ಅಧಿಕಾರಿಗಳು ನೋಡಲು ಬಂದ ದಿನ ಕೋಚ್ ಅಂಗಳದತ್ತ ಕೈ ತೋರಿಸಿ, ನೋಡಿ, ಒಂದು ಮಗುವೂ ಹೊರಗೆ ಉಳಿದಿಲ್ಲ ಅಂದ. ಸುಳ್ಳಲ್ಲ. ಲೆಕ್ಕಕ್ಕೆ ಎಲ್ಲರೂ ಇದ್ದರು. ಅವತ್ತು ತೆಗೆದ ಫೋಟೋದಲ್ಲಿ ನನ್ನ ಮಗಳೂ ಚಪ್ಪಾಳೆ ತಟ್ಟುತ್ತಿದ್ದಾಳೆ.

ಹಿಮವೆಲ್ಲ ಕರಗಿ ಮಕ್ಕಳು ಜಾಕೆಟ್ ಬಿಚ್ಚಿ ಬೇಲಿಗೆ ನೇತುಹಾಕುವ ಕಾಲಕ್ಕೆ ಅವಳ ತರಗತಿಗೆ ಒಬ್ಬಳು ಹೊಸ ಹುಡುಗಿ ಬಂದಳು. ಹೈದರಾಬಾದಿನಿಂದ ಬಂದವಳು ಅಂತ ಆಂಟಿ ಹೇಳಿದರು. ಎರಡು ಜಡೆ, ಹೊಸ ಬಿಳೀ ಶೂ. ಊಟದ ಹೊತ್ತಿನಲ್ಲಿ ಹಾಲಿನ ಡಬ್ಬಿ ಬಿಡಿಸಲು ಬಾರದೆ ಸುಮ್ಮನೆ ಹಿಡಿದುಕೊಂಡು ಕೂತಿದ್ದಳು, ನಾನೇ ಬಿಡಿಸಿಕೊಟ್ಟೆ. ರೀಸೆಸ್‌ಗೆ ಹೊರಗೆ ಬಂದವಳು ಅತ್ತ ಇತ್ತ ನೋಡಿ ಬೇಲಿಯ ಹತ್ತಿರ ಹೋಗಿ ನಿಂತಳು.

ನನ್ನ ಮಗಳು ಅದನ್ನು ಕಂಡಳು. ಸಾಲು ಬಿಟ್ಟು ಅವಳ ಹತ್ತಿರ ನಡೆದಳು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಬೇಲಿಯ ಕಷ್ಟ ಗೊತ್ತಿದ್ದವಳೇ ಹೋದಳಲ್ಲ ಅಂದುಕೊಂಡೆ. ಅವಳು ಆ ಹುಡುಗಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ನಕ್ಕಳು, ತನ್ನ ಹೆಸರು ಹೇಳಿದಳು, ಕೈ ಹಿಡಿದುಕೊಂಡು ಕರೆತಂದಳು. ಒಂದನ್ನೂ ಬಿಡಲಿಲ್ಲ, ಎಲ್ಲ ಕಲಿಸಿದ ಹಾಗೆಯೇ. ಸಾಲಿನ ಕೊನೆಗೆ, ತಾನು ನಿಲ್ಲುತ್ತಿದ್ದ ಜಾಗದಲ್ಲಿ ಅವಳನ್ನು ನಿಲ್ಲಿಸಿದಳು. ಭುಜದ ಮೇಲೆ ಕೈಯಿಟ್ಟಳು. ಆಮೇಲೆ ಆ ಬ್ಯಾಡ್ಜಿನ ಹುಡುಗಿಯದೇ ರಾಗದಲ್ಲಿ ಕೂಗಿದಳು:

"ಎವ್ರಿಬಡಿ! ಶೀ ಈಸ್ ಪ್ಲೇಯಿಂಗ್, ಬಟ್ ಶೀ ಡಸಂಟ್ ಕೌಂಟ್!"

ಕೂಗಿ, ತಾನೇ ಮೊದಲು ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟಿದರು. ಬ್ಯಾಡ್ಜಿನ ಹುಡುಗಿಯ ಕಡೆ ತಿರುಗಿ, ಹಾಗಾದರೆ ಇವತ್ತಿಂದ ನಾನು ಕೌಂಟ್ ತಾನೇ ಅಂತ ಕೇಳಿದಳು. ಆ ಹುಡುಗಿ ಕೋಚ್ ಮುಖ ನೋಡಿದಳು. ಕೋಚ್ ಯಾಕಾಗಬಾರದು ಅನ್ನುವ ಹಾಗೆ ಭುಜ ಕುಣಿಸಿದ. ಅಷ್ಟು ಸುಲಭವಾಗಿತ್ತು ಅದು. ಇಡೀ ಚಳಿಗಾಲ ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಆ ದಿನ ನನ್ನ ಮಗಳು ಗೆದ್ದಳು. ಕೈ ಎತ್ತಿಸಿದರು, ಕೈಗೆ ಕೈ ತಟ್ಟಿದರು. ಹೊಸ ಹುಡುಗಿ ತಪ್ಪಿ ನೆಗೆದು ಹೊರಗೆ ಹೋಗಲೋ ನಿಲ್ಲಲೋ ತಿಳಿಯದೆ ಗೆರೆಯ ಮೇಲೆಯೇ ನಿಂತಿದ್ದಳು. ಹೊಸ ಮಗುವನ್ನು ತಾನಾಗಿ ಕರೆದದ್ದಕ್ಕೆ ಕೋಚ್ ನನ್ನ ಮಗಳ ಅಂಗಿಗೆ ಒಂದು ಸ್ಟಿಕರ್ ಅಂಟಿಸಿದ. ಆಂಟಿ ನನ್ನ ಪಕ್ಕಕ್ಕೆ ಬಂದು, "ನೋಡಿದ್ಯಾ? ಎಷ್ಟು ಜಾಣೆ ಆಗಿದಾಳೆ ನಿನ್ನ ಮಗಳು" ಅಂದರು.

ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳುವ ಮೊದಲೇ, "ಅಮ್ಮ, ನಾನು ಗೆದ್ದೆ!" ಅಂದಳು. ಎಷ್ಟೋ ತಿಂಗಳ ಮೇಲೆ ತಾನಾಗಿ ಆಡಿದ ಕನ್ನಡ. ಇದಕ್ಕಾಗಿಯೇ ಅಲ್ಲವೇ ನಾನು ಕಾದದ್ದು.

"ಆ ಹುಡುಗಿ ಹೆಸರೇನು ಪುಟ್ಟಿ?" ಅಂತ ಕೇಳಿದೆ.

"ಕೇಳಲಿಲ್ಲ. ಅದು ಸ್ಟೆಪ್ಸ್‌ನಲ್ಲಿ ಇಲ್ಲ" ಅಂದಳು. ಮನೆಗೆ ಬಂದು ಹಸಿವು ಹಸಿವು ಅಂದಳು, ದೋಸೆ ಹಾಕಿಕೊಟ್ಟೆ, ತಿಂದಳು.

ಮಾರನೆಯ ದಿನ ಹೊಸ ಹುಡುಗಿ ಸಾಲಿಗೆ ಬರಲಿಲ್ಲ. ಒಂದು ಬೆರಳನ್ನು ಜಾಲರಿಗೆ ತಾಗಿಸಿಕೊಂಡು ಬೇಲಿಯುದ್ದಕ್ಕೂ ನಡೆಯುತ್ತಿದ್ದಳು. ನಾನು ನೇರವಾಗಿ ಅವಳ ಹತ್ತಿರ ಹೋದೆ. ಅವಳು ನನ್ನ ಮಗಳಲ್ಲವಲ್ಲ, ಹೋಗಲು ಯಾವ ನಿಯಮದ ಅಡ್ಡಿಯೂ ಇರಲಿಲ್ಲ. ಮೊಣಕಾಲೂರಿ ಕೂತು ಹೆಸರು ಕೇಳಿದೆ. ಮೆಲ್ಲಗೆ ಹೇಳಿದಳು. ನನ್ನ ಬೆನ್ನ ಹಿಂದೆ ಕೆರೆ, ದಡ, ಕೆರೆ ಅಂತ ಕೂಗು ನಡೆದೇ ಇತ್ತು, ಎಲ್ಲರಿಗಿಂತ ಜೋರಾಗಿ ನನ್ನ ಮಗಳು ನಗುತ್ತಿದ್ದಳು.